ರಕ್ತ ನಿಲ್ಲಿಸುವ ಯೋವ್ನಾ

ಒಂದು ವಿದ್ಯೆ ತನಗೆ ಬರುತ್ತದೆ ಎಂದು ತೋರಿಸುವುದು ಸುಲಭ. ಮಾಡಿ ತೋರಿಸಿದರಾಯಿತು. ಬರುವುದಿಲ್ಲ ಎಂದು ತೋರಿಸುವುದು ಹೇಗೆ? ನಮ್ಮ ಕಟ್ಟಡದ ಯೋವ್ನಾ ವರ್ಸಿಗೆ ಬಂದ ಈ ಕಷ್ಟ ಶತ್ರುವಿಗೂ ಬರಬಾರದು.

ಯೋವ್ನಾ ತೆಂಕಣ ನಾರ್ವೆಯ ದ್ರಾಮ್ಮೆನ್ ಪೇಟೆಯಲ್ಲಿ ಬಚ್ಚಲುಮನೆಯ ಟೈಲ್ಸ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ವಯಸ್ಸು ನಲವತ್ತು ದಾಟಿದೆ. ತುಸು ಬಗ್ಗಿ ನಡೆಯುತ್ತಾನೆ, ಯಾರು ಕರೆದರೂ ಮೊದಲು "ಕ್ಷಮಿಸಿ" ಅನ್ನುತ್ತಾನೆ. ಅವನ ಊರು ನಾರ್ವೆಯ ತೀರ ಬಡಗಣ ತುದಿಯಲ್ಲಿ, ತಾನಾ ಕಡಲ ದಂಡೆಯಲ್ಲಿದೆ. ಜನಾಂಗ ಸಾಮಿ, ಆ ಬಡಗಣ ಸೀಮೆಯ ಮೂಲನಿವಾಸಿಗಳು. ಸಾಮಿ ಜನ ಅಂದ ಕೂಡಲೇ ನಮ್ಮ ಈ ತೆಂಕಣದವರ ಕಣ್ಣ ಮುಂದೆ ಹಿಮಸಾರಂಗದ ಹಿಂಡು, ಚರ್ಮದ ಡೇರೆ, ಮಾಟದ ಡೋಲು ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಯೋವ್ನಾನ ಅಪ್ಪ ಮೀನು ಹಿಡಿಯುತ್ತಿದ್ದವರು. ಹಿಮಸಾರಂಗವನ್ನು ಯೋವ್ನಾ ಹತ್ತಿರದಿಂದ ಕಂಡದ್ದು ತಟ್ಟೆಯಲ್ಲಿ, ಆಲೂಗಡ್ಡೆಯ ಪಕ್ಕದಲ್ಲಿ.

ಅವನು ಸಾಮಾನು ಇಳಿಸಿದ ದಿನವೇ ನಮ್ಮ ವಸತಿ ಸಂಘದ ಅಧ್ಯಕ್ಷ ಸ್ವೆರ್ರೆ ಮೆಟ್ಟಿಲಲ್ಲಿ ಅಡ್ಡಹಾಕಿ ಸ್ವಾಗತ ಕೋರಿದ್ದ. ಸ್ವೆರ್ರೆ ನಿವೃತ್ತ ಭೂಮಾಪಕ. ಕಂಡದ್ದನ್ನೆಲ್ಲ ಅಳೆದು ಗಡಿ ಹಾಕುವ ಅಭ್ಯಾಸ ನಿವೃತ್ತಿಯ ಮೇಲೂ ಅವನನ್ನು ಬಿಟ್ಟಿರಲಿಲ್ಲ.

"ನೋಡಪ್ಪಾ, ನಾವಿಲ್ಲಿ ಯಾರಿಗೂ ಭೇದ ಮಾಡಲ್ಲ. ಬಾಲ್ಕನೀಲಿ ಮಾಂಸ ಒಣಗಿಸೋ ಹಾಗಿಲ್ಲ, ಅಷ್ಟೇ."

"ಕ್ಷಮಿಸಿ, ನಾನು ಮಾಂಸ ಒಣಗಿಸಲ್ಲ."

"ಈಗ ಒಣಗಿಸಲ್ಲ, ಒಪ್ಪಿದೆ. ಚಳಿಗಾಲದಲ್ಲಿ?"

ಆಮೇಲೆ ಹವಾಮಾನ ಶುರುವಾಯಿತು. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ನಾಳೆ ಮಳೆ ಬರುತ್ತಾ?" ಎಂದು ಅವನನ್ನು ಕೇಳುವರು. ಅವನು ಮೊಬೈಲ್ ತೆಗೆದರೆ "ನಿಮಗ್ಯಾಕ್ರೀ ಮೊಬೈಲು!" ಎಂದು ನಗುವರು. ಗೊತ್ತಿಲ್ಲ ಎಂದು ಅವನು ಕಿಟಕಿಯತ್ತ ತಿರುಗಿದರೆ, ಇವರೂ ಅದೇ ದಿಕ್ಕಿಗೆ ನೋಡಿ ತಲೆಯಾಡಿಸಿ, ಸಂಜೆ ಕೊಡೆ ಹಿಡಿದು ಹೊರಡುವರು. ಇದು ಒಳ್ಳೆಯ ಮುಖ. ಇನ್ನೊಂದು ಮುಖವೂ ಇತ್ತು. ಅಂಗಳದಲ್ಲಿ ಬಿಯರ್ ಬಾಟಲಿ ಬಿದ್ದಿದ್ದರೆ ಸ್ವೆರ್ರೆಯ ಕಣ್ಣು ಮೊದಲು ಹೋಗುತ್ತಿದ್ದದ್ದು ಯೋವ್ನಾನ ಬಾಗಿಲಿಗೆ. "ಆ ಜನಕ್ಕೆ ಕುಡಿತ ತಡೆಯಲ್ಲ, ಪಾಪ" ಎಂದು ಅವನು ಕನಿಕರದಿಂದಲೇ ಹೇಳುತ್ತಿದ್ದ. ಯೋವ್ನಾ ಕುಡಿಯುವುದು ಕಾಫಿ, ಅದನ್ನೂ ಹಾಲು ಬೆರೆಸಿ.

ನಮ್ಮಲ್ಲಿ ಪ್ರತಿ ವಸಂತದಲ್ಲಿ ಒಂದು ಶನಿವಾರ ಕಟ್ಟಡದವರೆಲ್ಲ ಸೇರಿ ಶ್ರಮದಾನ ಮಾಡುತ್ತೇವೆ. ಎಲೆ ಗುಡಿಸಬೇಕು, ಬೆಂಚಿಗೆ ಬಣ್ಣ ಬಳಿಯಬೇಕು, ಬೇಲಿಗಿಡ ಕತ್ತರಿಸಬೇಕು. ಕೊನೆಯಲ್ಲಿ ಬಿಸಿ ವಾಫಲ್ ಮತ್ತು ಕಂದು ಚೀಸ್. ಬಾರದವನನ್ನು ಯಾರೂ ಏನೂ ಅನ್ನುವುದಿಲ್ಲ, ಮುಂದಿನ ವಸಂತದವರೆಗೆ ಮಾತಾಡಿಸುವುದಿಲ್ಲ, ಅಷ್ಟೆ. ಒಂದು ವರ್ಷ ಸ್ವೆರ್ರೆ ಬೇಲಿ ಕತ್ತರಿಸುತ್ತ, ಹೇಗೆ ಕತ್ತರಿಸಬೇಕೆಂದು ಯೋವ್ನಾನಿಗೆ ಪಾಠ ಹೇಳುತ್ತ, ಪಾಠದ ಭರದಲ್ಲಿ ತನ್ನ ಅಂಗೈಯನ್ನೇ ಕತ್ತರಿಗೆ ಕೊಟ್ಟುಬಿಟ್ಟ. ರಕ್ತ ಚಿಲ್ಲೆಂದು ಹಾರಿ ಹೊಸ ಬಣ್ಣದ ಬೆಂಚಿನ ಮೇಲೆ ಬಿತ್ತು.

ಈಗ ಯೋವ್ನಾನ ಒಂದು ಗುಟ್ಟು ಹೇಳಬೇಕು. ಅವನಿಗೆ ರಕ್ತ ಕಂಡರೆ ಆಗುವುದಿಲ್ಲ. ಕಿವಿ ಗುಂಯ್‌ಗುಡುತ್ತದೆ, ಕಾಲು ಹತ್ತಿಯಾಗುತ್ತದೆ. ಇದಕ್ಕೆ ಅವನಮ್ಮ ಚಿಕ್ಕಂದಿನಲ್ಲೇ ಒಂದು ಉಪಾಯ ಕಲಿಸಿದ್ದಳು: ಕಣ್ಣು ಮುಚ್ಚು, ನಮ್ಮ ಕಡಲಿನ ಮೀನುಗಳ ಹೆಸರು ಒಂದೊಂದಾಗಿ ಹೇಳು. ಯೋವ್ನಾ ಅದನ್ನೇ ಮಾಡಿದ. ಸ್ವೆರ್ರೆಯ ಮೇಲೆ ಬೀಳಬಾರದೆಂದು ಅವನ ಹೆಗಲಿಗೆ ಕೈಯೂರಿ, ಕಣ್ಣು ಮುಚ್ಚಿ, ಕಾಡ್ ಮೀನಿನಿಂದ ಹೆರಿಂಗಿನವರೆಗೆ ತನ್ನ ಸಾಮಿ ಮಾತಿನಲ್ಲಿ ಗೊಣಗಿದ. ಅಷ್ಟರಲ್ಲಿ ಸ್ವೆರ್ರೆಯ ಹೆಂಡತಿ ತುರಿದ್ ಓಡಿಬಂದು ಟವೆಲನ್ನು ಅಂಗೈಗೆ ಗಟ್ಟಿಯಾಗಿ ಒತ್ತಿ ಹಿಡಿದಳು. ಯೋವ್ನಾ ಹೆರಿಂಗಿಗೆ ಬಂದಾಗ ರಕ್ತ ನಿಂತಿತ್ತು.

"ನಿಂತುಹೋಯ್ತು!" ಎಂದು ಸ್ವೆರ್ರೆ ಪಿಸುಗುಟ್ಟಿದ.

"ಒತ್ತಿ ಹಿಡಿದ್ರೆ ನಿಲ್ಲತ್ತೆ" ಎಂದಳು ತುರಿದ್.

"ನೀನು ಸುಮ್ನಿರು. ಬಡಗಣದವರಲ್ಲಿ ರಕ್ತ ನಿಲ್ಲಿಸೋ ಮಂತ್ರ ಇದೆ ಅಂತ ಕೇಳಿದ್ದೆ, ಇವತ್ತು ಕಂಡೆ. ಯೋವ್ನಾ ಅವರೇ, ಏನು ಹೇಳಿದ್ರಿ ಆಗ?"

"ಕ್ಷಮಿಸಿ, ಅದು... ಮೀನು."

"ಮೀನು!" ಎಂದು ಸ್ವೆರ್ರೆ ನಮ್ಮೆಲ್ಲರ ಕಡೆ ತಿರುಗಿದ. "ನೋಡಿದ್ರಾ? ಹೇಳಲ್ಲ ಅವರು. ಹೇಳಿದ್ರೆ ಶಕ್ತಿ ಹೋಗತ್ತೆ."

ಆ ದಿನ ವಾಫಲ್ ಬಂದಾಗ ಮೊದಲನೆಯದು ಯೋವ್ನಾನ ತಟ್ಟೆಗೆ ಬಿತ್ತು. ಕೂರಲು ಕುರ್ಚಿ ಬಂತು. ಅವನ ಬಾಗಿಲನ್ನು ಅನುಮಾನದಿಂದ ನೋಡುತ್ತಿದ್ದವರೇ ಅವನ ಕಪ್ಪಿಗೆ ಕಾಫಿ ಬಗ್ಗಿಸಿದರು. ಎದ್ದು ನಿಂತು "ನನಗೇನೂ ಬರುವುದಿಲ್ಲ" ಅನ್ನಲು ಅದೊಂದೇ ಒಳ್ಳೆಯ ಗಳಿಗೆ. ಯೋವ್ನಾ ವಾಫಲ್ ತಿಂದ. ನಾನು ಅವನನ್ನು ದೂರುವುದಿಲ್ಲ. ತನ್ನನ್ನು ಕಳ್ಳನಂತೆ ಕಂಡವರ ನಡುವೆ ಒಂದು ಸಂಜೆ ದೇವರಂತೆ ಕೂರುವುದನ್ನು ಯಾರು ತಾನೆ ಬೇಡ ಅಂದಾರು?

ಮರುದಿನದಿಂದ ಫೋನು. ಕ್ಷೌರ ಮಾಡಿಕೊಳ್ಳುವಾಗ ಕುಯ್ದುಕೊಂಡವರು, ಹಲ್ಲು ಕೀಳಿಸಿಕೊಂಡವರು, ಪಕ್ಕದ ಕಟ್ಟಡದಿಂದ ಮೂಲವ್ಯಾಧಿಯವರು. ಕೊನೆಯವರು ವಿವರ ಹೇಳಲು ಶುರುಮಾಡಿದಾಗ ಯೋವ್ನಾ ಅಂಗಡಿಯಲ್ಲಿ ಗಿರಾಕಿಯ ಎದುರಿಗೇ ನೆಲಕ್ಕೆ ಕೂತುಬಿಟ್ಟ. "ನನಗೆ ಏನೂ ಗೊತ್ತಿಲ್ಲ, ಡಾಕ್ಟರ ಹತ್ತಿರ ಹೋಗಿ" ಎಂದು ಅವನು ಎಲ್ಲರಿಗೂ ಹೇಳಿದ. ಹತ್ತರಲ್ಲಿ ಒಂಬತ್ತು ರಕ್ತ ತಾನಾಗಿಯೇ ನಿಲ್ಲುವಂಥದು, ನಿಂತಿತು. "ಎಷ್ಟು ವಿನಯ! ಗೊತ್ತಿಲ್ಲ ಅಂತಾನೇ ನಿಲ್ಲಿಸಿಬಿಟ್ರು" ಎಂದು ಅವರು ಇನ್ನೊಬ್ಬರಿಗೆ ನಂಬರು ಕೊಟ್ಟರು. ಕಟ್ಟಡಕ್ಕೆಲ್ಲ ಇರುವ ಒಂದೇ ಬಟ್ಟೆ ಒಗೆಯುವ ಕೋಣೆಯ ಸರದಿಗಾಗಿ ನಮ್ಮಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದುಂಟು. ಅಂಥ ಕೋಣೆಯಲ್ಲಿ ಯೋವ್ನಾ ಬಂದರೆ ಜನ ಅರ್ಧ ಒಗೆದ ಒದ್ದೆ ಬಟ್ಟೆ ಬಾಚಿಕೊಂಡು ಹೊರಗೆ ನಡೆಯತೊಡಗಿದರು.

ನಾಲ್ಕನೇ ಮಹಡಿಯ ಹೋವರ್ ಒಬ್ಬ ಹಾಗೆ ಹೊರಗೆ ನಡೆಯಲಿಲ್ಲ. ಅವನು ಮೇಷ್ಟರು, ಮೂಢನಂಬಿಕೆ ವಿರೋಧಿ. "ನನ್ನ ಸರದಿ, ನಾನೇ ಒಗೀತೀನಿ" ಅಂದ. ಯೋವ್ನಾ "ಖಂಡಿತ, ಕ್ಷಮಿಸಿ" ಎಂದು ತನ್ನ ಬುಟ್ಟಿ ಎತ್ತಿಕೊಂಡು ಹೋದ. ಸಂಜೆ ಲಿಫ್ಟು ಕೆಟ್ಟಿತು, ಅದೂ ಹೋವರ್ ಒಳಗಿರುವಾಗ. ಬಾಗಿಲು ಮೀಟಿ ಅವನನ್ನು ಹೊರಗೆಳೆದೆವು. ರಾತ್ರಿಯೂಟದ ಹೊತ್ತಿಗೆ ಸ್ವೆರ್ರೆ ಯೋವ್ನಾನ ಬಾಗಿಲು ತಟ್ಟಿದ. ಹಿಂದೆ ಹೋವರ್, ಬೆವೆತ ಮುಖ.

"ನೀವೇ ಮಾಡಿದ್ರಿ ಅಂತ ಯಾರೂ ಹೇಳ್ತಿಲ್ಲ, ಯೋವ್ನಾ ಅವರೇ" ಎಂದ ಸ್ವೆರ್ರೆ, ಬಹಳ ಮೆತ್ತಗೆ. "ಮಾಡಿದ್ರೆ ತೆಗೀತೀರಾ ಅಂತ ಕೇಳೋಕೆ ಬಂದ್ವಿ."

"ಲಿಫ್ಟಿಗೆ ನಾನೇನು ಮಾಡಲಿ? ಕಂಪನಿಗೆ ಫೋನ್ ಮಾಡಿ."

"ಮಾಡಿದೀವಿ. ಸೋಮವಾರ ಬರ್ತಾರಂತೆ. ಅಷ್ಟರೊಳಗೆ ನಿಮ್ಮ ಮನಸ್ಸು ತಣ್ಣಗಾಗ್ಲಿ ಅಂತ."

ಹೋವರ್ ಮುಂದೆ ಬಂದು, "ನಾನು ಇದನ್ನೆಲ್ಲ ನಂಬೋನಲ್ಲ. ಆದ್ರೂ ಬುಧವಾರದ ನನ್ನ ಸರದಿ ನೀವೇ ತಗೊಳ್ಳಿ" ಅಂದ.

ಆಗ ಯೋವ್ನಾನಿಗೆ ತಾನು ತಿಂದ ವಾಫಲಿನ ಬೆಲೆ ಏನೆಂದು ಅರಿವಾಯಿತು. ಗುಣ ಮಾಡುವವನೆಂದು ನಂಬಿದವರು ಕೇಡು ಮಾಡುವವನೆಂದೂ ನಂಬುತ್ತಾರೆ. ಅವನು ತಾನಾದಲ್ಲಿರುವ ಅಮ್ಮನಿಗೆ ಫೋನ್ ಮಾಡಿದ, ಅವಳ ಹೆಸರು ಎಲ್ಲೆ. ಎಲ್ಲೆ ಮೂರು ಹಳ್ಳಿ ಸುತ್ತಿ ಸೂಲಗಿತ್ತಿಯ ಕೆಲಸ ಮಾಡಿದ ಹೆಂಗಸು, ಮಾತು ಕಡಿಮೆ, ಬಾಯಿ ಜೋರು.

"ನಮ್ಮನೇಲಿ ಯಾರೋ ಆ ವಿದ್ಯೆ ಇರೋರು? ನಿಮ್ಮಪ್ಪ ಗಾಳ ಚುಚ್ಚಿಸ್ಕೊಂಡಾಗ ನೀನು ಬಿದ್ದಿದ್ದಕ್ಕೆ ಮೊದಲು ನಿನಗೆ ನೀರು ಚಿಮುಕಿಸಿ, ಆಮೇಲೆ ಅವರಿಗೆ ಪಟ್ಟಿ ಕಟ್ಟಿದೆ."

"ಹೇಳಿದ್ರೆ ನಂಬಲ್ಲಮ್ಮಾ."

"ಆ ವಿದ್ಯೆ ಇರೋ ದೊಡ್ಡೋರು ನಮ್ಮ ಕಡೆ ಇದಾರೆ. ಅವರ ಹೆಸರಿನ ಮೇಲೆ ನೀನು ಪುಕ್ಕಟೆ ವಾಫಲ್ ತಿಂದಿದೀಯ. ಎದ್ದು ನಿಂತು ಇಲ್ಲ ಅನ್ನು."

"ಅಂತಿದೀನಿ."

"ಕ್ಷಮಿಸಿ ಅಂತ ಸೇರಿಸ್ದೆ ಅನ್ನು" ಎಂದು ಎಲ್ಲೆ ಫೋನಿಟ್ಟಳು.

ಅನ್ನುವ ಮೊದಲೇ ಗುನ್ವೋರ್ ಅಜ್ಜಿಯ ಫೋನು ಬಂತು. ಅದೂ ಒಂದು ಶನಿವಾರ, ಬೆಳಗಿನ ಕಾಫಿಯ ಹೊತ್ತು. ಗುನ್ವೋರ್ ಅಜ್ಜಿ ಎರಡನೇ ಮಹಡಿಯಲ್ಲಿ ಒಬ್ಬಂಟಿ. ಎಂಬತ್ತು ದಾಟಿದವಳು, ಮದುವೆಯಾಗದವಳು, ಅಂಚೆ ಕಚೇರಿಯಲ್ಲಿದ್ದವಳು. ಯಾರಿಗೂ ಹೊರೆಯಾಗಬಾರದೆಂಬ ವ್ರತ ನಮ್ಮಲ್ಲಿ ಎಲ್ಲರಿಗೂ ಇದೆ, ಅಜ್ಜಿಯದು ಕಠಿಣ ವ್ರತ. ಸಾಮಾನಿನ ಚೀಲ ಎತ್ತಿಕೊಡುತ್ತೇನೆಂದರೆ ಹೆಜ್ಜೆ ಚುರುಕು ಮಾಡುವಳು. ಅವಳು ಫೋನ್ ಮಾಡಿದ್ದಾಳೆ ಎಂದರೆ ಸಣ್ಣ ವಿಷಯವಲ್ಲ.

"ಯೋವ್ನಾ, ಮೂಗಲ್ಲಿ ಸ್ವಲ್ಪ ರಕ್ತ ಬರ್ತಿದೆ ಮಾರಾಯ. ಬಿಡುವಿದ್ರೆ ಒಂದು ಗಳಿಗೆ ಬಂದು ಹೋಗ್ತೀಯಾ?"

ಯೋವ್ನಾ ಚಪ್ಪಲಿ ಹಾಕದೆ ಓಡಿದ. ಅಡಿಗೆಮನೆಯ ಸಿಂಕು ಪೂರಾ ಕೆಂಪಗಿತ್ತು. ಒಂದು ಟವೆಲು ತೊಯ್ದು ಕೆಳಗೆ ಬಿದ್ದಿತ್ತು, ಇನ್ನೊಂದು ತೊಯ್ಯುತ್ತಿತ್ತು. ಅಜ್ಜಿ ಕುರ್ಚಿಯ ತುದಿಯಲ್ಲಿ, ಗೋಡೆಯಂತೆ ಬೆಳ್ಳಗೆ ಕೂತಿದ್ದಳು. ಯೋವ್ನಾ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಯಾವಾಗಿಂದ?"

"ನಿನ್ನೆ ಸಂಜೆಯಿಂದ ಬಿಟ್ಟು ಬಿಟ್ಟು ಬರ್ತಿದೆ. ರಕ್ತ ತೆಳುವಾಗೋ ಮಾತ್ರೆ ತಗೋತೀನಲ್ಲ, ಅದಕ್ಕೇ ಇರ್ಬೇಕು."

ಯೋವ್ನಾ ಗೋಡೆಗೆ ಮುಖ ಮಾಡಿ ಆಂಬುಲೆನ್ಸಿನ ನಂಬರಿಗೆ ಫೋನ್ ಮಾಡಿದ. ಆ ಕಡೆಯ ನರ್ಸು ಮಾತ್ರೆಯ ಹೆಸರು ಕೇಳಿ, ಆಂಬುಲೆನ್ಸು ದೂರದಲ್ಲಿದೆ, ಮೂಗನ್ನು ಗಟ್ಟಿಯಾಗಿ ಹಿಡಿದು ಈಗಿಂದೀಗಲೇ ಟ್ಯಾಕ್ಸಿಯಲ್ಲಿ ಕರೆತನ್ನಿ, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದಳು. ಅಜ್ಜಿ ಟವೆಲಿನೊಳಗಿಂದ ತಲೆ ಅಲ್ಲಾಡಿಸಿದಳು.

"ಆಸ್ಪತ್ರೆ ಬೇಡ. ಹೋದ್ಸಲ ಆ ವರಾಂಡದಲ್ಲಿ ಇಡೀ ದಿನ ಕೂತಿದ್ದೆ. ನೀನು ಇಲ್ಲೇ ಸ್ವಲ್ಪ ಹೊತ್ತು ಕೂತ್ಕೋ. ನಿಲ್ಲತ್ತೆ."

"ಅಜ್ಜಿ, ನನಗೆ ಏನೂ ಬರಲ್ಲ! ನಾನು ಟೈಲ್ಸ್ ಮಾರೋನು!"

"ಗೊತ್ತು ಗೊತ್ತು. ಎಲ್ಲರಿಗೂ ಹಾಗೇ ಹೇಳ್ತೀಯಂತೆ."

ಹನಿ ತಟತಟನೆ ನೆಲಕ್ಕೆ ಬೀಳುತ್ತಿತ್ತು. ನಿಜ ಹೇಳಿದರೆ ಈ ಮುದುಕಿ ತನ್ನ ಕಣ್ಣೆದುರೇ ಸಾಯುತ್ತಾಳೆ ಎಂದು ಯೋವ್ನಾನಿಗೆ ಖಚಿತವಾಯಿತು. ಹುಟ್ಟಿದಾಗಿನಿಂದ ಯಾರ ಮೇಲೂ ದನಿ ಏರಿಸದ ಅವನು ಗೋಡೆಯ ಕಡೆ ತಿರುಗಿಕೊಂಡೇ ಗುಡುಗಿದ.

"ಸರಿ! ಬರುತ್ತೆ ನನಗೆ! ನಮ್ಮ ಮುತ್ತಜ್ಜಂದಿರ ಕಾಲದಿಂದ ಬಂದಿರೋದು! ಆದರೆ ಅಡಿಗೆಮನೇಲಿ ನಡೆಯಲ್ಲ. ಆಸ್ಪತ್ರೇಲಿ, ನಾನು ಪಕ್ಕದಲ್ಲೇ ಕೂತಿದ್ರೆ ಮಾತ್ರ ನಡೆಯೋದು. ಏಳಿ!"

ಅಜ್ಜಿ ಅವನ ಬೆನ್ನನ್ನು ನೋಡಿದಳು.

"ಪಕ್ಕದಲ್ಲೇ ಕೂತಿರ್ತೀಯಾ?"

"ಇರ್ತೀನಿ."

"ಕೊನೇವರೆಗೂ?"

"ಕೊನೇವರೆಗೂ!"

"ಹಾಗಾದ್ರೆ ಕೋಟು ಕೊಡು" ಎಂದಳು ಅಜ್ಜಿ.

ಕೆಳಗೆ ಬಾಗಿಲಲ್ಲಿ ನಾವೆಲ್ಲ ಇದ್ದೆವು. ಬೆಂಚಿಗೆ ಎರಡನೇ ಸಲ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಅಜ್ಜಿ ಮೂಗಿಗೆ ಕೆಂಪು ಟವೆಲು ಹಿಡಿದು, ಬರಿಗಾಲ ಯೋವ್ನಾನ ತೋಳಿಗೆ ಆತುಕೊಂಡು ಬಂದಳು. ಯೋವ್ನಾ ಕಣ್ಣನ್ನು ಮುಗಿಲಿಗೆ ನೆಟ್ಟಿದ್ದ. ತುರಿದ್ ಬ್ರಷ್ ಇಟ್ಟು ಎದ್ದಳು. ಸ್ವೆರ್ರೆ ಅವಳನ್ನು ತಡೆದು, "ನಾವು ನಡುವೆ ಹೋಗ್ಬಾರ್ದು. ಯೋವ್ನಾ ಅವರಿದಾರಲ್ಲ" ಎಂದು, ಗೌರವದಿಂದ ಟ್ಯಾಕ್ಸಿಯ ಬಾಗಿಲು ತೆಗೆದು ಹಿಡಿದ. ಟ್ಯಾಕ್ಸಿ ಹೋಯಿತು. ನಾವು ಮತ್ತೆ ಬಣ್ಣ ಬಳಿದೆವು.

ಮುಂದಿನದನ್ನು ಅಜ್ಜಿಯೇ ಹೇಳಿದ್ದು. ಆಸ್ಪತ್ರೆಯಲ್ಲಿ ಮೂಗಿಗೆ ಹತ್ತಿ ತುರುಕಿ, ಡಾಕ್ಟರು ಬರುವವರೆಗೆ ವರಾಂಡದಲ್ಲಿ ಕೂರಿಸಿದರು. ಯೋವ್ನಾ ಕಣ್ಣು ಮುಚ್ಚಿ ಅವಳ ಕೈ ಹಿಡಿದು ಕೂತಿದ್ದ.

"ಅಜ್ಜಿ, ಬೈಬೇಡಿ. ನಾನು ಸುಳ್ಳು ಹೇಳ್ದೆ. ನನಗೆ ನಿಜವಾಗ್ಲೂ ಏನೂ ಬರಲ್ಲ."

"ಗೊತ್ತಪ್ಪಾ. ನಮ್ಮಪ್ಪಂದು ಕಸಾಯಿ ಅಂಗಡಿ. ರಕ್ತ ಕಂಡು ಬೆವರೋ ಮುಖ ನನಗೆ ಗೊತ್ತಾಗಲ್ವಾ? ಶ್ರಮದಾನದ ದಿನ ಕಿಟಕಿಯಿಂದ ನೋಡ್ತಿದ್ದೆ. ಇವನೀಗ ಬೀಳ್ತಾನೆ ಅಂದ್ಕೊಂಡೆ."

ಯೋವ್ನಾ ಕಣ್ಣು ಬಿಟ್ಟ. "ಮತ್ತೆ ನನಗ್ಯಾಕೆ ಫೋನ್ ಮಾಡಿದ್ರಿ?"

ಅಜ್ಜಿ ಮೂಗಿನ ಹತ್ತಿ ಸರಿಮಾಡಿಕೊಂಡಳು. "ಪಕ್ಕದ ಮನೆಯವರ ಹತ್ತಿರ ನನ್ನ ಜೊತೆ ಬನ್ನಿ, ಒಬ್ಬಳಿಗೇ ಭಯ ಆಗತ್ತೆ ಅಂತ ಕೇಳೋಕಾಗತ್ತಾ? ನಾನಂತೂ ಕೇಳಿದೋಳಲ್ಲ. ಮಂತ್ರ ಹಾಕು ಅಂತ ಕೇಳ್ಬಹುದು. ಅದಕ್ಕೆ ನಾಚಿಕೆ ಇಲ್ಲ."

"ಅಂದ್ರೆ ನೀವೂ..." ಯೋವ್ನಾ ಅವಳ ಕಡೆ ತಿರುಗಿದ. "ಎಲ್ಲರ ಹಾಗೆ ನೀವೂ ನನ್ನ ಜನಾನ ನೆಪ ಮಾಡ್ಕೊಂಡ್ರಿ."

"ಮಾಡ್ಕೊಂಡೆ. ತಪ್ಪಾಯ್ತು."

ಅವನು ಕೈ ಬಿಡಲಿಲ್ಲ. ಅಷ್ಟರಲ್ಲಿ ಒಳಗಿಂದ ನರ್ಸು ಬಂದು, ಇವರು ನಿಮ್ಮ ಮಗನಾ ಎಂದು ಕೇಳಿದಳು. "ಅಲ್ಲ, ನೆರೆಯವನು. ಇವನು ಜೊತೇಲಿರ್ಬೇಕು" ಎಂದಳು ಅಜ್ಜಿ. ಕೊಟ್ಟ ಮಾತಿನಂತೆ ಯೋವ್ನಾ ಒಳಗೂ ಹೋದ, ಪಕ್ಕದಲ್ಲೇ ಕೂತ. ಡಾಕ್ಟರು ಹತ್ತಿ ಎಳೆದರು. ಯೋವ್ನಾ ಕುರ್ಚಿ ಸಮೇತ ಪಕ್ಕಕ್ಕೆ ವಾಲಿ, ಸ್ಟೀಲಿನ ಟ್ರಾಲಿಗೆ ಹಣೆ ಬಡಿದು, ನೆಲದ ಮೇಲೆ ಅಂಗಾತ ಬಿದ್ದ. ಅಜ್ಜಿಯ ಮೂಗಿನ ರಕ್ತನಾಳವನ್ನು ಸುಟ್ಟು ರಕ್ತ ನಿಲ್ಲಿಸಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಅವನ ಹಣೆಗೆ ಹೊಲಿಗೆ ಹಾಕಲು ಹಿಡಿಯಿತಂತೆ. ಅಷ್ಟು ಹೊತ್ತೂ ಅಜ್ಜಿ ಅವನ ಪಕ್ಕದಲ್ಲಿ ಕೂತಿದ್ದಳು.

ಮಧ್ಯಾಹ್ನ ಕಳೆದು ಟ್ಯಾಕ್ಸಿ ಮರಳಿ ಬಂತು. ಮೊದಲು ಅಜ್ಜಿ ಇಳಿದಳು, ಮುಖ ತೊಳೆದು, ಕೋಟಿನ ಗುಂಡಿ ಹಾಕಿ, ಆರಾಮಾಗಿ. ಹಿಂದೆ ಯೋವ್ನಾ, ತಲೆ ಸುತ್ತ ಬಿಳಿ ಪಟ್ಟಿ, ಹುಬ್ಬಿನ ಮೇಲೆ ಅದು ಕೆಂಪಾಗಿದೆ, ಅಂಗಿಯ ತುಂಬ ರಕ್ತ, ಕಾಲಿಗೆ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ. ಸ್ವೆರ್ರೆಯ ಕೈಯಿಂದ ಬ್ರಷ್ ಬಿತ್ತು.

"ತನ್ನ ಮೇಲೆ ತಗೊಂಡ್ಬಿಟ್ರು!" ಎಂದ. "ಅಜ್ಜಿಯ ರಕ್ತಾನ ತನ್ನ ಮೈಮೇಲೆ ಎಳ್ಕೊಂಡ್ಬಿಟ್ರು!"

ಹೋವರ್ ಟೊಪ್ಪಿ ತೆಗೆದ. ಯಾರೋ ಕೈ ಜೋಡಿಸಿದರು.

"ಬಿದ್ದ" ಎಂದಳು ಅಜ್ಜಿ. "ರಕ್ತ ಕಂಡು ಎಚ್ಚರ ತಪ್ಪಿ ಬಿದ್ದ. ಇವನಿಗೆ ಯಾವ ಮಂತ್ರಾನೂ ಬರಲ್ಲ."

ಸ್ವೆರ್ರೆ ಎಲ್ಲ ತಿಳಿದವನಂತೆ ನಕ್ಕ. "ಹಾಗೆ ಹೇಳಿ ಅಂತ ಅವರೇ ಹೇಳಿರ್ತಾರೆ."

"ಸ್ವೆರ್ರೆ, ಬೆಳಿಗ್ಗೆ ನಾನು ನಿಮ್ಮ ಮುಂದೇನೇ ರಕ್ತ ಸುರಿಸ್ಕೊಂಡು ಹೋದೆ. ಬಾಗಿಲು ತೆಗೆದ್ರಿ, ತುಂಬ ಸಂತೋಷ. ಜೊತೆಗೆ ಬರ್ಲಾ ಅಂತ ಒಬ್ರಾದ್ರೂ ಕೇಳಿದ್ರಾ?"

"ಅಲ್ಲ, ಯೋವ್ನಾ ಅವರು ಇದ್ರಲ್ಲ, ಅವರಿಗೆ..."

"ಅವನಿಗೆ ರಕ್ತ ಕಂಡ್ರೆ ಜೀವ ಹೋಗತ್ತೆ. ಆದ್ರೂ ಬಂದ, ಮೂರ್ಛೆ ಹೋಗೋವರೆಗೂ ಪಕ್ಕದಲ್ಲಿ ಕೂತಿದ್ದ. ನಿಮಗ್ಯಾರಿಗೂ ರಕ್ತ ಕಂಡ್ರೆ ಭಯ ಇಲ್ಲ. ನೀವು ಬೆಂಚಿಗೆ ಬಣ್ಣ ಬಳೀತಿದ್ರಿ."

ಯಾರಿಗೂ ಹೊರೆಯಾಗದ ಗುನ್ವೋರ್ ಅಜ್ಜಿ ಅಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ನನ್ನ ಕೈಯಲ್ಲೂ ಬಣ್ಣದ ಡಬ್ಬಿ ಇತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ತುರಿದ್ ಒಬ್ಬಳೇ ಮುಂದೆ ಬಂದು ಯೋವ್ನಾನ ತೋಳಿಗೆ ಕೈ ಕೊಟ್ಟಳು. ಸ್ವೆರ್ರೆ ಏನೋ ಅಳೆಯುವವನಂತೆ ಆ ಪಟ್ಟಿಯನ್ನು ನೋಡಿದ, ಮತ್ತೆ ನೋಡಿದ. ಆಮೇಲೆ ಕೇಳಿದ.

"ಯೋವ್ನಾ... ನೋಯ್ತಿದೆಯಾ?"

ಅವನು ನಮ್ಮ ನಡುವೆ ಬಂದು ಎಷ್ಟೋ ವರ್ಷವಾಗಿತ್ತು. ಮಳೆ ಕೇಳಿದ್ದೆವು, ಮಾಂಸ ಕೇಳಿದ್ದೆವು, ಮಂತ್ರ ಕೇಳಿದ್ದೆವು. ಇದನ್ನು ಯಾರೂ ಕೇಳಿರಲಿಲ್ಲ. ಯೋವ್ನಾ "ಕ್ಷಮಿಸಿ" ಅನ್ನಲಿಲ್ಲ.

"ತುಂಬಾ ನೋಯ್ತಿದೆ" ಎಂದ. ಎಂದು, ಮೆಟ್ಟಿಲ ಮೇಲೆ ಕೂತು, ನಮ್ಮೆಲ್ಲರ ಎದುರಿಗೇ ಅತ್ತುಬಿಟ್ಟ.